ತಿರುಗಿಸಿ ಕೂರಿಸಿದ ಬಾಗಿಲು

ನಮ್ಮೂರಿನ ಮನೆಗಳ ಬಾಗಿಲು ಹೊರಗಿನಿಂದ ತೆರೆಯುವುದಿಲ್ಲ. ತಳ್ಳಿದರೆ ಗೋಡೆ ತಳ್ಳಿದ ಹಾಗೆ. ಒಳಗಿದ್ದವರು ಯಾರಾದರೂ ಹೊರಗೆ ನಿಂತವರನ್ನು ಹೆಸರು ಹಿಡಿದು ಕರೆಯಬೇಕು. ಕರೆಯುವಾಗ ಅವರು ಬರಲಿ ಎಂಬುದು ಮನಸ್ಸಿನಲ್ಲೂ ಇರಬೇಕು. ಆಗ ಬಾಗಿಲು ತಾನಾಗಿ ತೆರೆದು ಆ ಒಬ್ಬರನ್ನು ಒಳಗೆ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ನಾಲಿಗೆ ಬಾ ಅಂದು ಮನಸ್ಸು ಹೋಗು ಅಂದರೆ ಹಲಗೆ ಮಿಸುಕುವುದಿಲ್ಲ. ಒಳಗಿನಿಂದ ಹೊರಗೆ ಹೋಗಲು ಮಾತ್ರ ಯಾರ ಕರೆಯೂ ಬೇಡ, ನೂಕಿದರೆ ಸಾಕು.

ಹೀಗಾಗಿ ನಮ್ಮಲ್ಲಿ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಗುಟ್ಟಾಗಿ ಉಳಿಯುವುದಿಲ್ಲ. ಸಂಜೆ ಗಂಡ ಬೀದಿಯಲ್ಲಿ ನಿಂತಿರುತ್ತಾನೆ, ಹೆಂಡತಿ ಒಳಗಿನಿಂದ ಬೆಲ್ಲದ ಪಾಕದಂಥ ದನಿಯಲ್ಲಿ ಕರೆಯುತ್ತಿರುತ್ತಾಳೆ, ಬಾಗಿಲು ಮುಖ ಊದಿಸಿಕೊಂಡು ನಿಂತಿರುತ್ತದೆ. ಕೊನೆಗೆ ಅವನು ಖಾನಾವಳಿಯ ದಾರಿ ಹಿಡಿಯುತ್ತಾನೆ. ಬೇರೆ ಊರುಗಳಲ್ಲಿ ಹೆಂಗಸರು ಗಂಡನ ಹೆಸರು ಹೇಳಲು ನಾಚುತ್ತಿದ್ದರಂತೆ. ನಮ್ಮಲ್ಲಿ ನಾಚಿದರೆ ಗಂಡ ಬೀದಿಪಾಲು. ಒಂಟಿಯಾಗಿರುವವರು ಕೆಲಸಕ್ಕೆ ಹೊರಡುವಾಗ ಪಕ್ಕದ ಮನೆಯ ಅಜ್ಜಿಯನ್ನು ಒಳಗೆ ಕೂರಿಸಿ, ಎಲೆ ಅಡಿಕೆ ಕೊಟ್ಟು ಹೋಗುತ್ತಾರೆ. ಅಂಗಡಿ, ಕಚೇರಿ, ಕಾಲೇಜುಗಳಿಗೆ ಬಾಗಿಲೇ ಇಲ್ಲ, ಹೊಸ್ತಿಲಷ್ಟೆ. ಕಳ್ಳರ ಕಾಟವೂ ಇಲ್ಲ. ಕಳ್ಳನನ್ನು ಮನಸಾರೆ ಯಾರು ಕರೆಯುತ್ತಾರೆ?

ನನಗೆ ಚಿಕ್ಕಂದಿನಿಂದ ಕಂಡವರ ದನಿ ಕದಿಯುವ ಚಟ. ಕಾಲೇಜಿನಲ್ಲಿ ಪ್ರಿನ್ಸಿಪಾಲರು ಕೆಮ್ಮುವುದಕ್ಕೆ ಮುಂಚೆ ನಾನು ಅವರ ಹಾಗೆ ಕೆಮ್ಮಿ ಇಡೀ ಕ್ಲಾಸು ಎದ್ದು ನಿಲ್ಲುವಂತೆ ಮಾಡುತ್ತಿದ್ದೆ. ಗೆಳತಿಯೊಬ್ಬಳ ಮನೆಯೊಳಗೆ ನಿಂತು ಅವಳ ತಾಯಿಯ ದನಿಯಲ್ಲೇ ಅವಳನ್ನು ಕರೆದು ನೋಡಿದ್ದೆ. ಅವಳು ಮೋಸಹೋದಳು, ಬಾಗಿಲು ಹೋಗಲಿಲ್ಲ. ಬಾಗಿಲಿಗೆ ಬೇಕಾದದ್ದು ಕಂಠವಲ್ಲ. ಈಗ ಅದೇ ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ, ಸತ್ತ ರಾಜರೆಲ್ಲ ನನ್ನ ಬಾಯಲ್ಲಿ ಬೇರೆ ಬೇರೆ ದನಿಯಲ್ಲಿ ಮಾತಾಡುತ್ತಾರೆ.

ನನ್ನ ಹೆಸರು ಮಂದಾಕಿನಿ, ಅಮ್ಮನ ಬಾಯಲ್ಲಿ ಮಂದಾ. ನನ್ನ ಅಕ್ಕ ಕೌಸಲ್ಯೆ. ಹೆಸರಿನಲ್ಲಿ ಮಂದ ಇರುವವಳು ನಾನು, ಊರಿನವರು ಮಂದಬುದ್ಧಿ ಅಂದದ್ದು ಅಕ್ಕನನ್ನು. ಹುಟ್ಟಿನಿಂದಲೇ ಅವಳಿಗೆ ಎಲ್ಲವೂ ನಿಧಾನ. ಲೆಕ್ಕ ಹತ್ತಲಿಲ್ಲ, ಅಕ್ಷರ ಹತ್ತಲಿಲ್ಲ, ಗಡಿಯಾರ ಈಗಲೂ ಹತ್ತುವುದಿಲ್ಲ. ಐವತ್ತು ದಾಟಿದ್ದಾಳೆ, ತಲೆ ಅರ್ಧ ಬೆಳ್ಳಗಾಗಿದೆ. ಬೆಳಿಗ್ಗೆ ತಿಂಡಿ ತಿಂದು, ಕೆಂಪು ಕೈಚೀಲ ಹೆಗಲಿಗೇರಿಸಿ, ಬೀದಿಯ ಕೊನೆಯ ಮಂಡಕ್ಕಿ ಭಟ್ಟಿಗೆ ಹೋಗುತ್ತಾಳೆ. ಬಿಸಿ ಮರಳಿನಲ್ಲಿ ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿದು ಮರಳು ಬೇರೆ ಮಾಡುವುದು ಅವಳ ಕೆಲಸ. ಜರಡಿಯ ಇನ್ನೊಂದು ಅಂಚು ಹಿಡಿಯುವವನು ಪಾಂಡು. ಅವನೂ ಅಕ್ಕನಂಥವನೇ, ವಯಸ್ಸಿನಲ್ಲಿ ಹತ್ತು ವರ್ಷ ಕಿರಿಯ, ಬಿದಿರಿನ ಹಾಗೆ ಉದ್ದ. ಇಬ್ಬರಿಗೂ ದಿನಕ್ಕೊಂದು ಜಗಳ ಆಗಲೇಬೇಕು, ಇಲ್ಲದಿದ್ದರೆ ಭಟ್ಟಿಯವರಿಗೆ ಗಾಬರಿ. ಪಾಂಡು ಇರುವುದು ಸೋದರಮಾವನ ಮನೆಯಲ್ಲಿ. ಮಾವ ಸಂಜೆ ಕರೆಯುತ್ತಾನೆ, ಬಾಗಿಲು ತೆರೆಯುವುದಿಲ್ಲ. ಊಟದ ಹೊತ್ತಿಗೆ ಮತ್ತೆ ಕರೆಯುತ್ತಾನೆ, ತಲೆ ತೂರುವಷ್ಟು ತೆರೆಯುತ್ತದೆ. ಪಾಂಡು ಪಕ್ಕಕ್ಕೆ ತಿರುಗಿ ನುಸುಳುತ್ತಾನೆ. ಅವನು ಅಷ್ಟು ತೆಳ್ಳಗಿರುವುದು ಅದಕ್ಕೇ ಇರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಕ್ಕನನ್ನು ಕರೆಯುವವಳು ಅಮ್ಮ, ಹಾಲಮ್ಮ. ದೀಪ ಹಚ್ಚುವ ಹೊತ್ತಿಗೆ ಹಾಲಮ್ಮನ “ಕೌಸೀ, ಕಾಲು ತೊಳ್ಕೊಂಡು ಬಾ” ಕೇಳಿಸಿದರೆ ಬೀದಿಯವರು ಹಾಲಿಗೆ ಹೆಪ್ಪು ಹಾಕುತ್ತಿದ್ದರು. ಅಂಥ ಅಮ್ಮನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಗಂಟು ತೆಗೆಯಬಹುದು, ಜೀವಕ್ಕೆ ಅಪಾಯವಿಲ್ಲ, ಆದರೆ ಗಂಟಿನ ಜೊತೆ ದನಿಯೂ ಪೂರ್ತಿ ಹೋಗುತ್ತದೆ ಎಂದರು ಡಾಕ್ಟರು. ಅಮ್ಮ ತನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಕೇಳಿದ್ದು ಒಂದೇ: “ಕೌಸೀನ ಯಾರೇ ಕರೀತಾರೆ?”

ನಾನು ಕರೀತೀನಿ ಎಂದೆ. ಅಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನೀನು ಕಾಲೇಜಿಂದ ಬರೋದೇ ಕತ್ತಲಾದ ಮೇಲೆ, ನಿನ್ನನ್ನೇ ನಿನ್ನ ಗಂಡ ಕರೀಬೇಕು, ಸಕ್ಕರೆ ಕಾಯಿಲೆ ಬೇರೆ, ನೀನೂ ಒಂದಿನ ಸಾಯ್ತೀಯಲ್ಲೇ ಎಂದಳು. ಹೆತ್ತ ತಾಯಿ ಇಷ್ಟು ಹಗುರವಾಗಿ ಹೇಳಿದ್ದಕ್ಕೆ ನಗು ಬಂತು, ಆಮೇಲೆ ನಗು ಬರಲಿಲ್ಲ. ಅಕ್ಕನನ್ನು ನಮ್ಮ ಮನೆಯಲ್ಲಿ ಇಟ್ಟುಕೊಂಡು ನೋಡಿದ್ದೂ ಆಗಿತ್ತು. ನಾನು ಕರೆದರೆ ಬಾಗಿಲು ತೆರೆಯುತ್ತಿತ್ತು, ಅಕ್ಕನೇ ಒಳಗೆ ಬರುತ್ತಿರಲಿಲ್ಲ. ಇದು ನನ್ನ ಬೀದಿ ಅಲ್ಲ ಎಂದು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಅವಳಿಗೆ ಅವಳ ಭಟ್ಟಿ ಬೇಕು, ಅವಳ ನಲ್ಲಿ ಬೇಕು, ಜಗಳಕ್ಕೆ ಪಾಂಡು ಬೇಕು. ಪಕ್ಕದ ಮನೆಯ ರಾಚಮ್ಮನಿಗೆ ಹೇಳಿ ನೋಡಿದೆವು. ಮೊದಲ ದಿನ ಬಾಗಿಲು ಹಾರಿ ತೆರೆಯಿತು, ಮೂರನೆಯ ದಿನ ಯೋಚಿಸಿ ತೆರೆಯಿತು, ವಾರದ ಕೊನೆಗೆ ಅರ್ಧಕ್ಕೆ ನಿಂತಿತು. ರಾಚಮ್ಮ ಒಳ್ಳೆಯವಳು. ಒಲೆಯ ಮೇಲೆ ಸಾರು ಕುದಿಯುತ್ತಿರುವ ಒಳ್ಳೆಯವಳು, ಅಷ್ಟೆ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಊರಿನಲ್ಲಿ ಅಕ್ಕನಂಥವರು ಬೇಕಾದಷ್ಟು ಮಂದಿ ಇದ್ದರು. ಅವರ ತಾಯಂದಿರೆಲ್ಲ ಕೆಮ್ಮು ಬಂದರೆ ಕಷಾಯಕ್ಕಿಂತ ಮೊದಲು ಮಕ್ಕಳ ಮುಖ ನೋಡುವವರು. ಎಲ್ಲರೂ ಸೇರಿ ಪುರಸಭೆಗೆ ಹೋದೆವು. ನಾವು ಕೇಳಿದ್ದು ಆಕಾಶವಲ್ಲ. ಬೀದಿಗೊಂದು ಸಣ್ಣ ಮನೆ ಕೊಡಿ. ಅದರಲ್ಲಿ ಮೂರೋ ನಾಲ್ಕೋ ಜನ ಇರಲಿ. ಸಂಬಳ ಕೊಟ್ಟು ಇಬ್ಬರು ಕರೆಯುವವರನ್ನು ಈಗಲೇ, ತಾಯಂದಿರು ಗಟ್ಟಿಯಾಗಿರುವಾಗಲೇ ನೇಮಿಸಿ. ಅವರು ಒಂದು ವರ್ಷ ಜೊತೆಗಿದ್ದು ಯಾರಿಗೆ ಸಾರಿನಲ್ಲಿ ಖಾರ ಬೇಡ, ಯಾರಿಗೆ ಗುಡುಗಿನ ಭಯ ಎಂದು ತಿಳಿದುಕೊಳ್ಳಲಿ. ತಿಳಿದ ಮೇಲೆ ಮನಸ್ಸು ತಾನಾಗಿ ಬರುತ್ತದೆ. ಪುರಸಭೆ ನಮ್ಮ ಮಾತು ಕೇಳಿ ಬಹಳ ಸಂತೋಷಪಟ್ಟು ದೀರ್ಘಕಾಲೀನ ಆರೈಕೆ ಯೋಜನಾ ಸಮಿತಿ ಎಂಬುದನ್ನು ರಚಿಸಿತು. ಆರೈಕೆ ಬರುವುದು ತಡವಾದರೂ ದೀರ್ಘಕಾಲ ಅಂದಿನಿಂದಲೇ ಶುರುವಾಯಿತು.

ಸಮಿತಿಯ ಅಧ್ಯಕ್ಷ ಪಂಚಾಕ್ಷರಿ. ಐದು ಅಕ್ಷರದಲ್ಲಿ ಮುಗಿಯುವ ಮಾತನ್ನು ಐವತ್ತು ಅಕ್ಷರಕ್ಕೆ ಎಳೆಯುವ ಮನುಷ್ಯ. ಅವನ ದನಿ ನಾನು ಮೊದಲ ಸಭೆಯಲ್ಲೇ ಕದ್ದೆ. ಗಂಟಲು ಸರಿಮಾಡಿಕೊಂಡು, ಶಾಲು ಎಳೆದುಕೊಂಡು, ಕಣ್ಣು ಅರ್ಧ ಮುಚ್ಚಿ: “ಈ ದೇವರ ಮಕ್ಕಳ ಭವಿಷ್ಯತ್ತು ಅನ್ನತಕ್ಕಂಥದ್ದು ನಮ್ಮೆಲ್ಲರ ಹೊಣೆ ಆಗಿರತಕ್ಕಂಥದ್ದು.” ದೇವರ ಮಕ್ಕಳು ಎಂದು ಯಾರಾದರೂ ಅಂದ ಕೂಡಲೇ ನನಗೆ ಮೈ ಉರಿಯುತ್ತದೆ. ಖರ್ಚು ದೇವರ ತಲೆಗೆ ಕಟ್ಟುವ ಮೊದಲ ಹೆಜ್ಜೆ ಅದು. ಐವತ್ತು ದಾಟಿದ ನನ್ನ ಅಕ್ಕ ಮುಂದಿನ ಸಾಲಿನಲ್ಲಿ ಕೂತು ಕೈ ಎತ್ತಿದಳು. ಅವಳಿಗೆ ಏನೋ ಹೇಳಬೇಕಿತ್ತು. ಅಧ್ಯಕ್ಷರು ಮಗುವಿಗೆ ಬಿಸ್ಕತ್ತು ಕೊಡಿ ಎಂದರು. ಅಕ್ಕ ಬಿಸ್ಕತ್ತು ತಿಂದು, ಕೈ ಒರೆಸಿಕೊಂಡು, ಮತ್ತೆ ಎತ್ತಿದಳು. ಮತ್ತೊಂದು ಬಿಸ್ಕತ್ತು ಬಂತು. ಸಭೆ ಮುಗಿಯುವ ತನಕ ಸಮಿತಿ ಆಡಿದ್ದು ಒಂದೇ ಪ್ರಶ್ನೆಯ ಸುತ್ತ: ಇವರನ್ನು ಕರೆಯುವವರು ಯಾರು? ನಾವೂ ಅದನ್ನೇ ಕೇಳಿದೆವು. ಅಕ್ಕನ ಕೈ ಗಾಳಿಯಲ್ಲೇ ಇತ್ತು.

ಬೀದಿಗೊಂದು ಮನೆ ಎಂಬ ನಮ್ಮ ಬೇಡಿಕೆ ಊರ ಹೊರಗೆ, ಕಲ್ಲು ಕ್ವಾರಿಯ ಆಚೆ, ಒಂದೇ ದೊಡ್ಡ ಕಟ್ಟಡವಾಗಿ ಎದ್ದು ನಿಂತಿತು. ಕರುಣಾಲಯ ಎಂದು ಹೆಸರಿಟ್ಟರು. ಕರೆಯುವವರು ಎಂದು ಯಾರನ್ನೋ ಕೂಲಿಗೆ ತಂದರು. ಅವರು ಒಳಗೆ ನಿಂತು ರೇಷನ್ ಅಂಗಡಿಯಲ್ಲಿ ಕೂಗಿದ ಹಾಗೆ ಹೆಸರು ಕೂಗಿದರು. ಒಂದು ಹೆಸರಿಗೂ ಬಾಗಿಲು ತೆರೆಯಲಿಲ್ಲ. ನಾವು ಸಮಿತಿಗೆ ಹೇಳಿದೆವು: ನೋಡಿ, ಇದನ್ನೇ ನಾವು ಅಂದಿದ್ದು. ಸಮಿತಿಯ ಇಂಜಿನಿಯರ್ ಧನಪಾಲ ನಮ್ಮ ಮಾತಿಗೆ ತಲೆದೂಗಿ, ಒಂದು ರಾತ್ರಿ ಯೋಚಿಸಿ, ಊರಿನಲ್ಲಿ ಯಾರಿಗೂ ಹೊಳೆಯದಿದ್ದ ಉಪಾಯ ಹುಡುಕಿದ. ಬಾಗಿಲನ್ನು ಕಿತ್ತು ಒಳಮೈ ಹೊರಗೆ ಬರುವ ಹಾಗೆ ತಿರುಗಿಸಿ ಕೂರಿಸಿಬಿಟ್ಟ. ಈಗ ಹೊರಗಿನಿಂದ ಯಾರು ನೂಕಿದರೂ ಒಳಗೆ ಹೋಗಬಹುದು. ಕರೆಯುವ ತೊಂದರೆಯೇ ಇಲ್ಲ. ಒಳಗಿದ್ದವರು ಹೊರಗೆ ಬರಬೇಕಾದರೆ ಮಾತ್ರ ಹೊರಗಿನವರು ಯಾರಾದರೂ ಮನಸಾರೆ ಕರೆಯಬೇಕು. ಅಂದರೆ ಇಡೀ ಊರು ಮನೆ, ಆ ಕಟ್ಟಡವೊಂದೇ ಬೀದಿ. ಇದನ್ನು ನಾನು ಸಭೆಯಲ್ಲಿ ಎದ್ದು ಹೇಳಿದೆ. ಭದ್ರತೆ ಅನ್ನತಕ್ಕಂಥದ್ದೂ ಮುಖ್ಯ ಆಗಿರತಕ್ಕಂಥದ್ದು ಎಂದರು ಅಧ್ಯಕ್ಷರು. ಹೊರಗೆ ಬಂದು ಇವರಿಗೆ ಆಗಬೇಕಾದದ್ದಾದರೂ ಏನು ಎಂದು ಧನಪಾಲ ನಿಜವಾಗಿಯೂ ತಿಳಿಯದವನ ಹಾಗೆ ಕೇಳಿದ. ಬೈಯುವವನಾಗಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಕೇಳಿದ.

ಅಷ್ಟರಲ್ಲಿ ಅಮ್ಮನ ಆಪರೇಷನ್ ಆಯಿತು. ಅಮ್ಮ ಮನೆಗೆ ಬಂದಳು, ದನಿ ಬರಲಿಲ್ಲ. ನಾನು ಅರ್ಧ ದಿನ ರಜೆ ಹಾಕಿ ಅಮ್ಮನ ಮನೆಗೆ ಹೋಗುತ್ತಿದ್ದೆ, ರಾತ್ರಿಯಿಂದ ಒಳಗೇ ಇದ್ದ ರಾಚಮ್ಮ ನನ್ನನ್ನು ಕರೆದು ತನ್ನ ಮನೆಗೆ ಹೊರಡುತ್ತಿದ್ದಳು. ತಡವಾದರೆ ರಾಚಮ್ಮ ಹೊರಟಿರುತ್ತಿದ್ದಳು, ಆಗ ಮೂಕ ಅಮ್ಮ ಒಳಗೆ, ಅಕ್ಕ ನಾನು ಇಬ್ಬರೂ ಹೊರಗೆ. ರಜೆಗಳು ಸವೆಯುತ್ತಿದ್ದವು. ಬೇಸಿಗೆ ರಜೆ ಮುಗಿಯುವುದರೊಳಗೆ ಏನಾದರೂ ಆಗದಿದ್ದರೆ ಅಕ್ಕನಿಗೆ ಕರುಣಾಲಯವೇ ಗತಿ ಎಂದು ಬೀದಿಯವರು ನನ್ನೆದುರೇ ಮಾತಾಡತೊಡಗಿದರು. ಅಮ್ಮ ಅದನ್ನು ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ದನಿ ಹೋದವರಿಗೆ ಕಿವಿ ಹೋಗುವುದಿಲ್ಲ, ಅದೇ ಕಷ್ಟ.

ಉದ್ಘಾಟನೆಗೆ ಎಲ್ಲರನ್ನೂ ಬಸ್ಸಿನಲ್ಲಿ ಕರೆದೊಯ್ದರು. ಅಮ್ಮ, ಅಕ್ಕ, ನಾನು ಹೋದೆವು. ನಮ್ಮನ್ನು ಹಿಂದೆ ಕರೆದುಕೊಳ್ಳಲು ರಾಚಮ್ಮ ಮನೆಯೊಳಗೆ ಕೂತಳು. ಮಾವನ ಮನೆಯಿಂದ ಯಾರೂ ಬರಲಿಲ್ಲ, ಪಾಂಡು ಒಬ್ಬನೇ ಬಂದ. ಅಧ್ಯಕ್ಷರು ಟೇಪು ಕತ್ತರಿಸಿದರು. ಫೋಟೋ ತೆಗೆಯುವಾಗ ಅಕ್ಕನ ಕೆಂಪು ಚೀಲ ಅವಳಿಗೆ ಹಾಕಿದ ಹಾರಕ್ಕೆ ಅಡ್ಡ ಬರುತ್ತದೆ ಎಂದು ಅವರೇ ಅದನ್ನು ಅವಳ ಹೆಗಲಿನಿಂದ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. ಆಮೇಲೆ ಅಕ್ಕನಂಥವರ ಕೈಹಿಡಿದು, ಧನಪಾಲನನ್ನೂ ಕರೆದುಕೊಂಡು ಒಳಗೆ ಹೊರಟರು. ಅಕ್ಕ ಬಾಗಿಲನ್ನು ನೂಕಿದಳು. ಅದು ತೆರೆಯಿತು. ಯಾರೂ ಕರೆಯದೆ ಒಂದು ಬಾಗಿಲು ತನಗೆ ತೆರೆದದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಅವಳು ತಿರುಗಿ ಅಮ್ಮನ ಕಡೆ ನೋಡಿ ನಕ್ಕಳು. ಆ ನಗುವನ್ನು ನೋಡಿ ನನಗೆ ಅಧ್ಯಕ್ಷರ ಶಾಲು ಹಿಡಿದು ಜಗ್ಗಬೇಕು ಅನ್ನಿಸಿತು. ಇಲಿಗಳೂ ಬೋನಿನೊಳಗೆ ಇದೇ ಮುಖ ಮಾಡಿಕೊಂಡು ಹೋಗುತ್ತವೆ.

ಬಾಗಿಲು ಮುಚ್ಚಿತು. ಒಳಗೆ ಭಾಷಣವಾಯಿತು, ಸಿಹಿ ಹಂಚಿದರು. ಆಮೇಲೆ ಹೊರಗೆ ನಿಂತ ಮನೆಯವರು ತಮ್ಮ ತಮ್ಮವರನ್ನು ಕರೆಯತೊಡಗಿದರು. ನಾನು ಕೌಸೀ ಎಂದೆ, ಹೆಸರು ಮುಗಿಯುವ ಮೊದಲೇ ಅಕ್ಕ ನನ್ನ ಮುಂದಿದ್ದಳು. ಮಿಕ್ಕವರೂ ಒಬ್ಬೊಬ್ಬರಾಗಿ ಬಂದರು, ಕೆಲವರು ಬೇಗ, ಕೆಲವರು ತಡವಾಗಿ. ಪಾಂಡುವನ್ನು ಕರೆಯಲು ಯಾರೂ ಇರಲಿಲ್ಲ, ಅವನು ಕಿಟಕಿಯ ಸರಳು ಹಿಡಿದು ನಿಂತಿದ್ದ. ಅವನ ಪಕ್ಕದ ಕಿಟಕಿಯಲ್ಲಿ ಅಧ್ಯಕ್ಷರು ಮತ್ತು ಇಂಜಿನಿಯರು ಕಾಣಿಸಿಕೊಂಡರು. ಹೊರಗೆ ಬರಲು ತಮಗೂ ಒಂದು ಕರೆ ಬೇಕು ಎಂಬುದು ಯೋಜನೆ ಹಾಕುವಾಗ ಇಬ್ಬರಿಗೂ ಹೊಳೆದಿರಲಿಲ್ಲ. ಬಾಗಿಲು ಬೇರೆಯವರಿಗೆ ಎಂದುಕೊಂಡೇ ಕೂರಿಸಿದ್ದರು.

ಅಧ್ಯಕ್ಷರ ಆಪ್ತ ಸಹಾಯಕ ಓಡಿಬಂದು ಪಂಚಾಕ್ಷರಿ ಸಾಹೇಬ್ರೇ ದಯಮಾಡಿಸಿ ಎಂದು ಬಗ್ಗಿ ಕರೆದ. ಬಾಗಿಲು ಅಲ್ಲಾಡಲಿಲ್ಲ. ಗುಮಾಸ್ತರು ಸಾಲಾಗಿ ಕರೆದರು. ಉಪಾಧ್ಯಕ್ಷರು ಎಲ್ಲರಿಗಿಂತ ಪ್ರೀತಿಯಿಂದ ಕರೆದರು, ಆಗ ಬಾಗಿಲು ಇನ್ನೂ ಸ್ವಲ್ಪ ಬಿಗಿಯಾದಂತೆ ನನಗೆ ಕಂಡಿತು. ಕಾರು ಕಳಿಸಿ ಅಧ್ಯಕ್ಷರ ಹೆಂಡತಿಯನ್ನು ಕರೆಸಿದರು. ಆಕೆ ಕರೆದಾಗ ಬೆರಳು ತೂರುವಷ್ಟು ತೆರೆದು, ಏನೋ ನೆನಪಾದ ಹಾಗೆ ಮುಚ್ಚಿಕೊಂಡಿತು. ಧನಪಾಲನದು ಸುಲಭವಾಯಿತು, ಬಿಲ್ಲಿಗೆ ಸಹಿ ಬೇಕಿದ್ದ ಕಂಟ್ರಾಕ್ಟರು ಒಂದೇ ಸಲ ಕರೆದ, ಬಾಗಿಲು ಎಗರಿ ತೆರೆಯಿತು. ಅಧ್ಯಕ್ಷರು ಕಿಟಕಿಯಿಂದ ನನ್ನನ್ನು ಕಂಡು, ಮೇಡಂ, ನೀವಾದರೂ ಒಂದು ಮಾತು ಕರೀರಿ ಎಂದರು. ಒಳಗೆ ಗಾಳಿ ಬೆಳಕು ಅನ್ನತಕ್ಕಂಥದ್ದು ಹೇಗಿರತಕ್ಕಂಥದ್ದು ಸಾರ್ ಎಂದು ಅವರದೇ ದನಿಯಲ್ಲಿ ಕೇಳಿದೆ. ಮನೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಕರೆದೆ ಕೂಡ. ಸುಳ್ಳು ಹೇಳುವುದಿಲ್ಲ, ಅವರು ಅಲ್ಲೇ ಇರಲಿ ಎಂದುಕೊಂಡೇ ಕರೆದೆ.

ಅಷ್ಟರಲ್ಲಿ ಅಕ್ಕ ತನ್ನ ಬರಿ ಹೆಗಲು ಮುಟ್ಟಿ ನೋಡಿಕೊಂಡಳು. ಆಪ್ತ ಸಹಾಯಕನನ್ನು ಪಕ್ಕಕ್ಕೆ ಸರಿಸಿ ಬಾಗಿಲ ಮುಂದೆ ನಿಂತಳು.

“ಏ ಪಂಚಾಕ್ಷರಿ. ನನ್ನ ಚೀಲ. ಬಾ ಈಚೆ.”

ಬಾಗಿಲು ಉಪಾಧ್ಯಕ್ಷರ ಮೊಣಕಾಲಿಗೆ ಬಡಿಯುವಷ್ಟು ಅಗಲವಾಗಿ ತೆರೆಯಿತು. ಅಧ್ಯಕ್ಷರು ಬೆವರಿಳಿಸಿಕೊಂಡು ಹೊರಗೆ ಬಂದರು. ಅಕ್ಕ ಅವರ ಹೆಗಲಿನಿಂದ ಚೀಲ ಕಿತ್ತುಕೊಂಡು, ಬಾಚಣಿಗೆ ಇದೆಯಾ, ಹುರಿಗಡಲೆ ಇದೆಯಾ ಎಂದು ಒಳಗೆ ಕೈಹಾಕಿ ನೋಡಿ, ತಿರುಗಿ ಬಾಗಿಲಿಗೆ ಹೇಳಿದಳು: “ಪಾಂಡೂ, ನೀನೂ ಬಾ. ಬಸ್ಸು ಹೋಗುತ್ತೆ.” ಅವನೂ ಬಂದ. ನೆಟ್ಟಗೆ ಬಂದ, ಪಕ್ಕಕ್ಕೆ ತಿರುಗದೆ.

 ಅಮ್ಮ ನನ್ನ ತೋಳು ಹಿಡಿದಿದ್ದಳು, ಅವಳ ಉಗುರು ನನ್ನ ಚರ್ಮಕ್ಕೆ ಇಳಿಯುತ್ತಿತ್ತು. ನಾವಿಬ್ಬರೂ ಒಂದೇ ವಿಷಯ ಯೋಚಿಸುತ್ತಿದ್ದೆವು. ಈ ಐವತ್ತು ವರ್ಷದಲ್ಲಿ ಅಕ್ಕನನ್ನು ಒಬ್ಬಳೇ ಮನೆಯೊಳಗೆ ಬಿಟ್ಟು ನಾವು ಯಾರೂ ಹೊರಗೆ ಹೋದವರಲ್ಲ. ಒಲೆ ಮುಟ್ಟಿಬಿಟ್ಟಾಳು, ಬಿದ್ದುಬಿಟ್ಟಾಳು. ಯಾವಾಗಲೂ ಒಳಗಿದ್ದು ಕರೆಯುವವರು ನಾವು, ಹೊರಗಿದ್ದು ಬರುವವಳು ಅವಳು. ಅವಳು ಕರೆದರೆ ಏನಾಗುತ್ತದೆ ಎಂದು ನೋಡುವ ಸಂದರ್ಭವೇ ಬಂದಿರಲಿಲ್ಲ. ಊರಿನ ಒಂದು ಮನೆಯಲ್ಲೂ ಬಂದಿರಲಿಲ್ಲ.

ಅವತ್ತು ಮನೆಗೆ ಬಂದಾಗ ರಾಚಮ್ಮ ನನ್ನನ್ನು ಕರೆದಳು. ನಾನು ಹೊಸ್ತಿಲು ದಾಟಿ ಅಕ್ಕನನ್ನು ಕರೆದೆ. ಆಮೇಲೆ ರಾಚಮ್ಮನ ಕೈ ಹಿಡಿದು ಇಬ್ಬರೂ ಹೊರಗೆ ಬಂದುಬಿಟ್ಟೆವು. ಬಾಗಿಲು ಮುಚ್ಚಿತು. ಒಳಗೆ ಅಕ್ಕ ಒಬ್ಬಳೇ. ಹೊರಗೆ ನಾವು ಮೂವರು ಮತ್ತು ಮಾವನ ಮನೆಗೆ ಹೋಗಲು ಮನಸ್ಸಿಲ್ಲದ ಪಾಂಡು. ಒಳಗಿನಿಂದ ಸದ್ದಿಲ್ಲ.  ಆಮೇಲೆ ಕೊಡದ ಮುಚ್ಚಳದ ಸದ್ದು ಕೇಳಿಸಿತು, ನೀರು ಕುಡಿಯುವ ಸದ್ದು, ಲೋಟ ಬೋರಲು ಹಾಕಿದ ಸದ್ದು. ಅದೆಲ್ಲ ಆದ ಮೇಲೆ, ನಿಧಾನವಾಗಿ, ಅಮ್ಮನದೇ ರಾಗದಲ್ಲಿ ಕರೆ ಬಂತು: “ಹಾಲಮ್ಮಾ, ಕಾಲು ತೊಳ್ಕೊಂಡು ಬಾ.” ದನಿ ಕದಿಯುವ ಕಲೆ ನನ್ನೊಬ್ಬಳದೇ ಎಂದುಕೊಂಡಿದ್ದೆ.

ಬಾಗಿಲು ತೆರೆದದ್ದನ್ನು ಬೀದಿಯೆಲ್ಲ ನೋಡಿತು. ಅಮ್ಮ ಅಳಲಿಲ್ಲ. ಹಣೆ ಹಣೆ ಚಚ್ಚಿಕೊಂಡಳು. ಮೊದಲು ತನ್ನದನ್ನು, ಆಮೇಲೆ ಕೈಗೆ ಸಿಕ್ಕ ನನ್ನದನ್ನು. ಆಮೇಲೆ ಅಕ್ಕ ಪಾಂಡುವನ್ನೂ ಕರೆದಳು, ಮರುದಿನ ಪಾಂಡು ಒಳಗಿದ್ದು ಅಕ್ಕನನ್ನು ಕರೆದ. ಅವನು ಕರೆದಾಗಲೂ ಅಷ್ಟೇ ಸಲೀಸು. ಅಂದಿನಿಂದ ಅವನು ಅಮ್ಮನ ಮನೆಯಲ್ಲೇ ಉಳಿದ. ಸಭೆಯಲ್ಲಿ ಕೈ ಎತ್ತಿ ಏನು ಹೇಳಬೇಕಿತ್ತು ನಿನಗೆ ಎಂದು ಆಗ ಅಕ್ಕನನ್ನು ಕೇಳಿದೆ. ಪಾಂಡು ಇಲ್ಲೇ ಇರಲಿ ಅನ್ನೋಕೆ ಎಂದಳು. ಅದನ್ನು ಹೇಳಲು ಬಿಟ್ಟಿದ್ದರೆ ಒಂದು ಕಟ್ಟಡದ ಖರ್ಚು ಉಳಿಯುತ್ತಿತ್ತು. ಅದರ ಬದಲು ಸಮಿತಿ ಎರಡು ಬಿಸ್ಕತ್ತು ಖರ್ಚು ಮಾಡಿತ್ತು.

ಕರೆಯೊಂದರಿಂದಲೇ ಬದುಕು ನಡೆಯುವುದಿಲ್ಲ, ಗೊತ್ತು. ಅಮ್ಮನ ನಂತರ ಅನ್ನ ಮಾಡಲು ಒಬ್ಬರು ಬೇಕು, ಜ್ವರ ಬಂದರೆ ನೋಡಲು, ಮಾತ್ರೆ ತಪ್ಪದ ಹಾಗೆ ಕೊಡಲು, ಯಾರಾದರೂ ಮೋಸ ಮಾಡಲು ಬಂದರೆ ಅಡ್ಡ ನಿಲ್ಲಲು ಜನ ಬೇಕು. ಅದಷ್ಟನ್ನು ಕೊಡಿ, ಬಾಗಿಲು ಅವರೇ ನೋಡಿಕೊಳ್ಳುತ್ತಾರೆ ಎಂದು ಮತ್ತೆ ಸಮಿತಿಯ ಮುಂದೆ ನಿಂತೆವು. ನಾನು ಯಾರ ದನಿಯನ್ನೂ ಅನುಕರಿಸದೆ ಮಾತಾಡಿದೆ. ಅಧ್ಯಕ್ಷರು ಹೊರಗೆ ಬಂದದ್ದು ಯಾರ ಕರೆಯಿಂದ ಎಂಬುದು ಊರ ಬಾಯಲ್ಲಿ ಹಾಡಾಗಿದ್ದ ಕಾಲ ಅದು. ಆರೈಕೆ ಪಡೆಯತಕ್ಕಂಥವರು ಕರೆಯತಕ್ಕಂಥವರು ಆಗಲು ನಿಯಮದಲ್ಲಿ ಅವಕಾಶವಿಲ್ಲ ಎಂದರು. ಅವತ್ತು ಬಾಗಿಲು ತೆರೆದದ್ದು ಆಕಸ್ಮಿಕವಂತೆ. ಬೇಕಾದರೆ ಈಗಲೇ ಮತ್ತೆ ಒಳಗೆ ಹೋಗಿ, ಎಷ್ಟು ಸಲ ಆಕಸ್ಮಿಕವಾಗುತ್ತೋ ನೋಡೋಣ ಎಂದು ಒಬ್ಬ ತಾಯಿ ಹಿಂದಿನಿಂದ ಅಂದಳು. ಸಭೆಯನ್ನು ಮುಂದೂಡಿದರು.

ಮುಂದೂಡಿದ್ದು ಸಭೆಯನ್ನು ಮಾತ್ರ. ಕರುಣಾಲಯ ತುಂಬಬೇಕಿತ್ತು, ತುಂಬಿಸಿದರು. ಪುರಸಭೆಯ ವ್ಯಾನು ಸುತ್ತಲಿನ ಹಳ್ಳಿಗಳಿಂದ, ಬಸ್ ನಿಲ್ದಾಣದಿಂದ, ಯಾರಿಗೂ ಬೇಡವಾದವರನ್ನು ಹುಡುಕಿ ಹುಡುಕಿ ತಂದಿತು. ಪಾಂಡುವಿನ ಮಾವ ಒಂದು ಬೆಳಿಗ್ಗೆ, ಇವನ ಕಾಟ ನಿಮಗ್ಯಾಕೆ ಎಂದು ನಮಗೆ ಉಪಕಾರ ಮಾಡುವವನ ಹಾಗೆ ಹೇಳಿ, ಭಟ್ಟಿಯಿಂದಲೇ ಅವನನ್ನು ವ್ಯಾನಿಗೆ ಹತ್ತಿಸಿದ. ಅಕ್ಕ ಜರಡಿಯ ಒಂದು ಅಂಚು ಹಿಡಿದು ಮಧ್ಯಾಹ್ನದವರೆಗೆ ಹಾಗೇ ನಿಂತಿದ್ದಳಂತೆ. ಭಟ್ಟಿಯವರು ಬೇರೆ ಯಾರನ್ನೋ ಇನ್ನೊಂದು ಅಂಚಿಗೆ ನಿಲ್ಲಿಸಿದರೆ ಜರಡಿ ಬಿಟ್ಟು ನಡೆದಳು. ಊಟ ಮಾಡಲಿಲ್ಲ. ಮರುದಿನ ನಾನು ಕಾಲೇಜಿಗೆ ಹೊರಟಿದ್ದಾಗ ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಮನೆಯ ಮುಂದೆ ನಿಂತಿದ್ದಳು. “ನಡಿ” ಎಂದಳು.

ಕ್ವಾರಿಯ ಆಚೆಗೆ ನಡೆದೇ ಹೋದೆವು. ಬಿಸಿಲು ನೆತ್ತಿಗೇರುತ್ತಿತ್ತು. ಕಟ್ಟಡದ ಮುಂದೆ ಅಕ್ಕ ಸೆರಗು ಸರಿಮಾಡಿಕೊಂಡು ಪಾಂಡೂ ಎಂದು ಕರೆದಳು. ಬಾಗಿಲು ಮುಂದಕ್ಕೆ ಬಂತು, ಬಂದದ್ದು ನಾನು ಕಣ್ಣಾರೆ ಕಂಡೆ, ಬಂದು ಎಲ್ಲಿಗೋ ತಾಗಿ ನಿಂತಿತು. ಮತ್ತೆ ಕರೆದಳು. ಮತ್ತೆ ತೆರೆಯಲು ನೋಡಿತು, ಮತ್ತೆ ತಾಗಿತು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಒದ್ದಾಡಿತು. ಹತ್ತಿರ ಹೋಗಿ ನೋಡಿದೆ. ಹಲಗೆಗೂ ಚೌಕಟ್ಟಿಗೂ ಸೇರಿಸಿ ಕಬ್ಬಿಣದ ಪಟ್ಟಿ, ಅದರ ತುದಿಗೆ ತೆಂಗಿನ ಚಿಪ್ಪಿನಷ್ಟು ದಪ್ಪನೆಯ ಒಂದು ಉಂಡೆ. ನಮ್ಮೂರಿನವರಿಗೆ ಬೀಗರು ಗೊತ್ತು, ಬೀಗ ಗೊತ್ತಿರಲಿಲ್ಲ. ಸಮಿತಿ ಅದನ್ನು ಬೇರೆ ಯಾವುದೋ ಊರಿನಿಂದ ತರಿಸಿತ್ತು. ಮನಸಾರೆ ಕರೆದರೂ ತೆರೆಯದ ಬಾಗಿಲನ್ನು ನಮ್ಮೂರಿನಲ್ಲಿ ನಾನು ನೋಡಿದ್ದು ಅದೇ ಮೊದಲು, ಅದನ್ನು ಇಟ್ಟದ್ದು ಇವರ ಮೇಲೆ.

ಕಾವಲುಗಾರ ಸ್ಟೂಲಿನ ಮೇಲೆ ಕೂತಿದ್ದ. ಕೀಲಿಕೈ ಎಲ್ಲಿ ಎಂದೆ. ಅಧ್ಯಕ್ಷರ ಹತ್ರ ಇದೆ ಮೇಡಂ, ಊಟದ ಹೊತ್ತಿಗೆ ಕಳಿಸ್ತಾರೆ, ನನ್ನ ಹತ್ರ ಬಿಟ್ಟಿಲ್ಲ ಎಂದ. ಒಳಗೆ ಬೆಂಕಿ ಬಿದ್ದರೆ ಎಂದೆ.  ಅಕ್ಕ ಬೀಗವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು.

“ಇದೇನು ಮಂದಾ?”

“ಬೀಗ.”

“ಹೆಸರು ಹಿಡಿದು ಕರೆದ್ರೆ ಬಿಡುತ್ತಾ?”

“ಇಲ್ಲ ಕಣಕ್ಕ. ಇದಕ್ಕೆ ಕಿವಿ ಇಲ್ಲ.”

 ಅಕ್ಕ ಕ್ವಾರಿಯ ಅಂಚಿಗೆ ಹೋಗಿ, ಎರಡು ಕಲ್ಲು ಎತ್ತಿ ನೋಡಿ ಬಿಟ್ಟು, ಮೂರನೆಯದನ್ನು ತಂದು ನನ್ನ ಕೈಗಿಟ್ಟಳು. ನಾನು ಕಾವಲುಗಾರನ ಮುಖ ನೋಡಿದೆ. ಅವನು ಸ್ಟೂಲನ್ನು ರಸ್ತೆಯ ಕಡೆ ತಿರುಗಿಸಿಕೊಂಡು ಕೂತ. ಇತಿಹಾಸದ ಮೇಷ್ಟ್ರಾಗಿ ಎಷ್ಟೋ ಕೋಟೆಗಳನ್ನು ಮಾತಿನಲ್ಲಿ ಒಡೆದಿದ್ದೇನೆ. ಕೈಯಾರೆ ಒಡೆದದ್ದು ಇದೊಂದೇ. ಮೊದಲ ಏಟಿಗೆ ನನ್ನ ಬೆರಳು ಜಜ್ಜಿತು. ಆಮೇಲಿನ ಏಟುಗಳಲ್ಲಿ ಸಮಿತಿಯ ಒಬ್ಬೊಬ್ಬರ ಮುಖ ಬಂತು, ಬಿಸ್ಕತ್ತು ಬಂತು, ದೇವರ ಮಕ್ಕಳು ಬಂದರು, ಹೊರಗೆ ಬಂದು ಇವರಿಗೆ ಆಗಬೇಕಾದದ್ದೇನು ಎಂಬ ಪ್ರಶ್ನೆ ಬಂತು. ಪಟ್ಟಿ ಕಿತ್ತುಕೊಂಡು ಕೆಳಗೆ ಬಿತ್ತು.

ಅಕ್ಕ ಪಾಂಡೂ ಎಂದಳು. ಅವನು ಬಂದ, ಮುಖ ಗಂಟಿಕ್ಕಿಕೊಂಡಿದ್ದ. “ಎಷ್ಟೊತ್ತು?” ಎಂದು ಅವಳ ಮೇಲೆ ರೇಗಿದ. ಅವಳೂ ರೇಗಿದಳು. ಆ ದಿನದ ಜಗಳ ಅಲ್ಲಿಗೆ ಮುಗಿಯಿತು ಎಂದು ನಾನು ಇಬ್ಬರನ್ನೂ ಹೊರಡಿಸಿದೆ. ಪಾಂಡು ಹೊರಡಲಿಲ್ಲ. ತಿರುಗಿ ಬಾಗಿಲಿಗೆ ಮುಖ ಮಾಡಿ ನಿಂತ. ಕಿಟಕಿಗಳ ಸರಳಿನ ಹಿಂದೆ ಮುಖಗಳು ಸೇರಿಕೊಂಡಿದ್ದವು. ವ್ಯಾನು ಎಲ್ಲೆಲ್ಲಿಂದಲೋ ತಂದು ಸುರಿದ ಮುಖಗಳು. ಅವರಾರೆಂದು ನನಗೆ ಗೊತ್ತಿರಲಿಲ್ಲ, ಕಾವಲುಗಾರನಿಗೆ ಗೊತ್ತಿರಲಿಲ್ಲ, ಊರಿಗೇ ಗೊತ್ತಿರಲಿಲ್ಲ. ಪಾಂಡು ಅವರ ಜೊತೆ ಒಂದು ರಾತ್ರಿ ಕಳೆದಿದ್ದ.

“ಭರಮಪ್ಪ” ಎಂದ ಪಾಂಡು. ಬಾಗಿಲು ತೆರೆಯಿತು. “ಗುರುಬಸಿ” ಎಂದ. “ಇಮಾಮಣ್ಣ. ದೊಡ್ಡ ತಾಯವ್ವ. ಸಣ್ಣ ತಾಯವ್ವ.” ಒಬ್ಬೊಬ್ಬರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನೆಟ್ಟಗೆ, ಹೊರಗೆ ಬರುತ್ತಿದ್ದರು.